ನೀರುಗಂಟಿಯ ಸುಳ್ಳು

ಯುಫೆಲಿಯಾ ಅರ್ಚಿಬೆಕ್ ತನ್ನ ಎಪ್ಪತ್ತೊಂದು ವರ್ಷದಲ್ಲಿ ಒಂದೇ ಒಂದು ಸುಳ್ಳು ಹೇಳಿದವಳು ಎಂದು ಯಾರಾದರೂ ಹೇಳಿದರೆ ಅದೇ ಎರಡನೆಯ ಸುಳ್ಳಾದೀತು. ಸರ್ಕಾರದವರು ಎದುರಿಗೆ ನಿಂತರೆ ಸಾಕು, ಅವಳ ಬಾಯಿಂದ ಸುಳ್ಳು ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಇದು ಅವಳೊಬ್ಬಳ ಚಾಳಿಯೂ ಅಲ್ಲ. ರಿಂಕೊನ್ಸಿತೋ ಊರಿಗೆ ಊರೇ ಹಾಗೆ. ಕಾಲುವೆ ನೀರು ಎಷ್ಟು ಬಳಸುತ್ತೀರಿ ಎಂದು ಕೋಟು ಹಾಕಿಕೊಂಡವನು ಯಾರೇ ಬಂದು ಕೇಳಲಿ, ಆಡುವ ಮಕ್ಕಳಿಂದ ಹಿಡಿದು ಊರುಗೋಲಿನ ಮುದುಕರವರೆಗೆ ಎಲ್ಲರದೂ ಒಂದೇ ಉತ್ತರ: "ನೀರಾ? ಎಲ್ಲಿದೆ ಸ್ವಾಮಿ ನೀರು?" ಅಳೆಯುವವನು ಬಂದ ವರ್ಷವೇ ನೀರು ಕಡಿಮೆಯಾಗುತ್ತದೆ ಎನ್ನುವುದು ನ್ಯೂ ಮೆಕ್ಸಿಕೋದ ಆ ಬೆಟ್ಟದ ಸಂದಿಯಲ್ಲಿ ಹತ್ತು ತಲೆಮಾರು ಕಂಡುಕೊಂಡ ಸತ್ಯ. ಆ ಸತ್ಯವನ್ನು ಕಾಪಾಡಲು ಸುಳ್ಳು ಹೇಳಬೇಕಾಗುತ್ತಿತ್ತು, ಅಷ್ಟೇ.

ಯುಫೆಲಿಯಾ ಊರಿನ ನೀರುಗಂಟಿ. ಇಪ್ಪತ್ತಾರು ವರ್ಷದಿಂದ ಕಾಲುವೆಯ ಬೀಗದ ಕೈ ಅವಳ ಸೊಂಟದಲ್ಲಿ, ಅಳತೆಯ ಕೋಲು ಅವಳ ಕೈಯಲ್ಲಿ. ವಸಂತ ಬಂದ ಕೂಡಲೇ ಹೂಳೆತ್ತುವ ಶನಿವಾರ ಗೊತ್ತುಮಾಡುತ್ತಾಳೆ. ನೀರಿನಲ್ಲಿ ಪಾಲು ಇದ್ದವರೆಲ್ಲ ಪಾಲಿಗೊಂದು ಸಲಿಕೆಯಂತೆ ಆಳು ಕಳಿಸಬೇಕು, ಇಲ್ಲವೇ ತಾವೇ ಬರಬೇಕು. ಅವಳು ಕೋಲಿನಿಂದ ಕಾಲುವೆಯನ್ನು ಅಳೆದು ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುತ್ತಾಳೆ. ತಳ ಕಾಣುವವರೆಗೆ ಎತ್ತದವನು ಪಾದ್ರಿಯೇ ಆದರೂ ಅವಳು ಬಿಡುವುದಿಲ್ಲ. ಎತ್ತಿದ ಹೂಳನ್ನು ಏರಿಯ ಮೇಲೆ ಎಸೆಯುವುದು ಪದ್ಧತಿ. ಬೇಕಾದವರು ಅದನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗುತ್ತಾರೆ. ಎಲ್ಲರ ತುಂಡೂ ಮುಗಿದ ಮೇಲೆಯೇ, ಕಾಲುವೆಗೆ ನೀರು ಬಿಡುವ ತಲೆತೂಬಿನ ಬೀಗ ತೆಗೆಯುವುದು. ಅದಕ್ಕೆ ಮೊದಲು ಒಂದು ಹನಿ ಬಿಟ್ಟ ಚರಿತ್ರೆ ಇಲ್ಲ.

ತೊಂದರೆ ಏನೆಂದರೆ, ಆ ತಲೆತೂಬು ಇರುವುದು ಬೇಲಿಯೊಳಗೆ. ಮಹಾಯುದ್ಧದ ಕಾಲದಲ್ಲಿ ಸೇನೆಯವರು ಬಂದು ಊರಿನ ಮೇಲ್ಗಡೆಯ ಕಣಿವೆಯನ್ನು, ಯುಫೆಲಿಯಾಳ ಅಜ್ಜನ ಹುಲ್ಲುಗಾವಲನ್ನೂ ಸೇರಿಸಿ, ಹದಿನೈದು ದಿನದ ನೋಟೀಸಿನಲ್ಲಿ ತೆಗೆದುಕೊಂಡು ಬೇಲಿ ಹಾಕಿದರು. ಒಳಗೆ ಏನು ಸಂಶೋಧನೆ ನಡೆಯುತ್ತದೆ ಎಂದು ಊರಿಗೆ ಯಾರೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತು ಕಿಟಕಿಯ ಗಾಜು ನಡುಗುತ್ತಿತ್ತು, ಕೋಳಿಗಳು ಮೊಟ್ಟೆ ಇಡುವುದನ್ನು ಮರೆಯುತ್ತಿದ್ದವು. ಎಪ್ಪತ್ತು ವರ್ಷ ಅವರು ಸಿಡಿಮದ್ದು, ಫಿರಂಗಿ ಗುಂಡಿನೊಳಗೆ ತುಂಬುವ ಭಾರದ ಲೋಹ, ಏನೇನೋ ಸಿಡಿಸಿ ನೋಡಿದರು. ಉಳಿದದ್ದನ್ನು ಗುಂಡಿ ತೋಡಿ ಸುಟ್ಟರು. ಕಾಲುವೆ ಆ ಗುಂಡಿಗಳ ಪಕ್ಕದಲ್ಲೇ ಒಂದು ಮೈಲಿ ಹರಿದು, ಬೇಲಿಯ ಅಡಿ ನುಸುಳಿ, ಊರಿಗೆ ಬರುತ್ತದೆ. ಬರುವಾಗ ಬರಿಗೈಲಿ ಬರುತ್ತಿರಲಿಲ್ಲ ಎನ್ನುವುದು ಊರಿಗೆ ತಿಳಿದದ್ದು ಕಳೆದ ಬೇಸಿಗೆಯಲ್ಲಿ. ಆಗ ಬೇಲಿಯ ಬಳಿ ಒಂದು ಹಳದಿ ಫಲಕ ನೆಟ್ಟರು: ಹೂಳು ಮುಟ್ಟಬೇಡಿ.

ಬುದ್ಧಿ ಹೇಳಲು ಎಂಬತ್ತು ವರ್ಷ ತಡವಾಗಿ ಬಂದ ಫಲಕ ಅದು.

ಮಾರ್ಚ್ ತಿಂಗಳ ಒಂದು ಬುಧವಾರ ವೆಂಡೆಲ್ ಸ್ಟ್ರೌಡ್ ಅವಳ ಅಡುಗೆಮನೆಗೆ ಬಂದ. ಬೇಲಿಯೊಳಗಿನ ಮಣ್ಣನ್ನು ಶುಚಿ ಮಾಡುವ ಗುತ್ತಿಗೆ ಹಿಡಿದ ಕಂಪನಿಯ ಮೇಲ್ವಿಚಾರಕ. ಕೆಟ್ಟವನಲ್ಲ, ಬಾಗಿಲಲ್ಲಿ ಬೂಟು ಒರೆಸಿಕೊಂಡೇ ಒಳಗೆ ಬಂದ. ಯುಫೆಲಿಯಾ ಕಾಫಿ ಕೊಟ್ಟಳು. ಅವನು ಇಟ್ಟಿಗೆ ದಪ್ಪದ ಒಂದು ವರದಿಯನ್ನು ಮೇಜಿನ ಮೇಲಿಟ್ಟ.

"ಬೇಲಿ ಒಳಗಿನ ಕೆಲಸ ಮುಗೀತಾ ಬಂತು ಮೇಡಂ. ಇನ್ನು ಉಳಿದಿರೋದು ಬೇಲಿಯಿಂದ ಕೆಳಗಿನ ನಿಮ್ಮ ಕಾಲುವೆ. ಅದಕ್ಕೆ ಜಲ್ಲಿ ತುಂಬಿ ಮುಚ್ಚಿಬಿಡ್ತೀವಿ. ಬದಲಿಗೆ ಊರಿಗೆ ಕೊಳಾಯಿ ಹಾಕಿಸ್ತೀವಿ."

"ಕೊಳಾಯಿ ನೀರಲ್ಲಿ ಮೆಣಸಿನ ತೋಟ ಮಾಡೋಕಾಗುತ್ತಾ?"

"ತೋಟಕ್ಕಲ್ಲ. ಕುಡಿಯೋಕೆ, ಸ್ನಾನಕ್ಕೆ..."

"ಕುಡಿಯೋಕೆ ಬಾವಿ ಇದೆ. ಸ್ನಾನ ನಿನ್ನೆ ಮಾಡಿದೀನಿ."

ಸ್ಟ್ರೌಡ್ ನಕ್ಕ. ಅವಳು ನಗಲಿಲ್ಲ. ಕಾಲುವೆ ಮುಚ್ಚಿದರೆ ತೋಟ ಹೋಯಿತು, ಹುಲ್ಲು ಹೋಯಿತು, ಸೇಬಿನ ಮರ ಹೋಯಿತು. ಇನ್ನು ಹತ್ತು ವರ್ಷಕ್ಕೆ ರಿಂಕೊನ್ಸಿತೋದಲ್ಲಿ ಉಳಿಯುವುದು ಸ್ಮಶಾನ ಮತ್ತು ಅದರ ಗೇಟು. "ಒಳಗಿನ ಮಣ್ಣು ಅಗೆದು ತೆಗೆದ ಹಾಗೆ ಕಾಲುವೇದೂ ಅಗೆದು ತೆಗೀರಿ. ನಿಮ್ಮ ಕಸ ತಾನೇ? ಮುಚ್ಚೋದ್ಯಾಕೆ?" ಎಂದಳು.

ಅವನು ವರದಿ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟ. ಯುಫೆಲಿಯಾ ಕನ್ನಡಕ ಹಾಕಿಕೊಂಡು ಓದಿದಳು. ಸ್ಥಳೀಯ ನೀರುಗಂಟಿಯ ಹೇಳಿಕೆಯಂತೆ ಬೇಲಿಯ ಕೆಳಗಿನ ಕಾಲುವೆಯನ್ನು ಯಾರೂ ಬಳಸುತ್ತಿಲ್ಲ; ಅದರ ಹೂಳನ್ನು ಯಾರೂ ಮುಟ್ಟುವುದಿಲ್ಲ. ಕೆಳಗೆ ಅವಳ ಹೆಸರು, ಹನ್ನೊಂದು ವರ್ಷದ ಹಿಂದಿನ ತಾರೀಖು.

ಅವಳಿಗೆ ಆ ಮನುಷ್ಯ ನೆನಪಾದ. ಕೈಯಲ್ಲಿ ಹಲಗೆ, ಕಿವಿಯ ಮೇಲೆ ಪೆನ್ಸಿಲು. ನೀರಿಗೆ ಮೀಟರು ಹಾಕಲು ಬಂದವನು ಎಂದುಕೊಂಡಿದ್ದಳು. "ಕಾಲುವೆನಾ? ಅಯ್ಯೋ, ಅದರೊಳಕ್ಕೆ ನಾಯೀನೂ ಇಳಿಯಲ್ಲ ಸ್ವಾಮಿ" ಎಂದು ಹೇಳಿದ್ದಳು. ಅವನು ಹೋದ ಮೇಲೆ ಊರವರೆಲ್ಲ ಸೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸರ್ಕಾರವನ್ನು ಯಾಮಾರಿಸಿದೆವು ಎಂದು ಆ ದಿನ ಒಂದು ಬಾಟಲಿ ಕೂಡ ಖಾಲಿಯಾಗಿತ್ತು.

"ಯಾರೂ ಮುಟ್ಟದೆ ಇದ್ರೆ ಅಪಾಯ ಇಲ್ಲ. ಅಪಾಯ ಇಲ್ಲದೆ ಇದ್ರೆ ಅಗೆಯೋ ಅಗತ್ಯ ಇಲ್ಲ. ನಿಯಮ ಹಾಗಿದೆ" ಎಂದ ಸ್ಟ್ರೌಡ್.

"ಮುಟ್ಟಿದ್ರೆ?"

"ಮುಟ್ಟಿದ್ರೆ ಕಥೆಯೇ ಬೇರೆ. ಊರಿನವರೆಗೂ ಅಗೀಬೇಕು. ಒಂದೊಂದು ಮನೆ ಹಿತ್ತಲೂ ಪರೀಕ್ಷೆ ಮಾಡಬೇಕು. ಆದ್ರೆ ನೀವೇ ಹೇಳಿದೀರಲ್ಲ, ಯಾರೂ ಮುಟ್ಟಿಲ್ಲ ಅಂತ. ಶನಿವಾರ ರಾಜ್ಯದ ಪರಿಸರ ಅಧಿಕಾರಿ ಬರ್ತಾರೆ. ಒಂದು ಸಲ ಕಣ್ಣಲ್ಲಿ ನೋಡಿ, ಜನರನ್ನ ಕೇಳಿ, ಫೈಲು ಮುಚ್ತಾರೆ." ಕಾಫಿ ಮುಗಿಸಿ ಎದ್ದವನು ಬಾಗಿಲಲ್ಲಿ ತಿರುಗಿದ. "ಆ ತೂಬಿನ ಬೀಗ ಒಂದು ತೆಗೆದುಕೊಡಿ. ಮಣ್ಣಿಗೆ ನೀರು ಚಿಮುಕಿಸದೆ ಲಾರಿಗೆ ತುಂಬಿದ್ರೆ ಧೂಳೇಳುತ್ತೆ. ನಮ್ಮ ಟ್ಯಾಂಕರುಗಳು ಸುಮ್ನೆ ನಿಂತಿವೆ."

"ಹೂಳೆತ್ತದೆ ತೂಬು ತೆಗೆಯೋದಿಲ್ಲ. ನೀರು ತಗೊಳ್ಳೋನು ಸಲಿಕೆ ಕಳಿಸಬೇಕು. ನಮ್ಮಜ್ಜನ ಹುಲ್ಲುಗಾವಲಿಗೆ ಎರಡು ಪಾಲು ಇತ್ತು. ಹುಲ್ಲುಗಾವಲು ತಗೊಂಡೋರು ಪಾಲನ್ನೂ ತಗೊಂಡ ಹಾಗೆ. ಶನಿವಾರ ಎರಡು ಸಲಿಕೆ ಕಳಿಸಪ್ಪ."

"ತಮಾಷೆ ಮಾಡ್ತೀರಿ."

"ನಿನ್ನ ಹತ್ರ ತಮಾಷೆ ಮಾಡೋ ಅಷ್ಟು ಸಲಿಗೆ ನನಗೆಲ್ಲಿದೆ?"

ಅವನು ವರದಿಯನ್ನು ಮೇಜಿನ ಮೇಲೇ ಬಿಟ್ಟು ಹೋದ ಮೇಲೆ ಯುಫೆಲಿಯಾ ಆ ಪುಟವನ್ನು ಮತ್ತೊಮ್ಮೆ ಓದಿದಳು. ಇಡೀ ಊರನ್ನು ಮುಚ್ಚುವ ಜಲ್ಲಿ ಆ ಎರಡು ಸಾಲಿನಲ್ಲೇ ಇತ್ತು, ಮತ್ತು ಅದನ್ನು ಸುರಿದವಳು ಅವಳೇ. ಸುಳ್ಳು ಎಂದು ಒಪ್ಪಿಕೊಂಡರೆ ಕಾಲುವೆ ಉಳಿಯಬಹುದು. ಆದರೆ ಒಪ್ಪಿಕೊಳ್ಳುವುದೆಂದರೆ ಅರ್ಧ ಒಪ್ಪಿಕೊಂಡು ನಿಲ್ಲುವ ಹಾಗಿರಲಿಲ್ಲ. ಮುಟ್ಟಿದವರು ಯಾರು ಎಂದು ಕೇಳುತ್ತಾರೆ. ಮುಟ್ಟಿಸಿದವರು ಯಾರು ಎಂದು ಕೇಳುತ್ತಾರೆ. ಆಗ ಬೆಲಾರ್ಮಿನೋನ ಮಾತು ಹೊರಗೆ ಬರಬೇಕಾಗುತ್ತದೆ.

ಬೆಲಾರ್ಮಿನೋ ಅವಳ ಒಬ್ಬನೇ ತಮ್ಮ. ಊರಿನಲ್ಲಿ ಅವನಷ್ಟು ಚೆನ್ನಾಗಿ ಹೂಳೆತ್ತುವವನು ಇನ್ನೊಬ್ಬನಿರಲಿಲ್ಲ. ಬೇಲಿಗೆ ಹತ್ತಿಕೊಂಡ ಮೊದಲ ತುಂಡು, ಎಲ್ಲಕ್ಕಿಂತ ಹೆಚ್ಚು ಹೂಳು ತುಂಬುವ ತುಂಡು, ವರ್ಷವೂ ಅವನದೇ. ಆರು ವರ್ಷದ ಹಿಂದೆ ಅವನು ಸೊಂಟದವರೆಗೆ ಕಾಲುವೆಯಲ್ಲಿ ನಿಂತು ಒಂದು ಹಿಡಿ ಮಣ್ಣನ್ನು ಅವಳತ್ತ ಎತ್ತಿ ಹಿಡಿದಿದ್ದ. "ಅಕ್ಕಾ, ಇಲ್ನೋಡು. ಹಳದಿ ಇದೆ. ಬೆಳಿಗ್ಗೆಯಿಂದ ಬಾಯೆಲ್ಲ ಕಬ್ಬಿಣ ಕಚ್ಚಿದ ಹಾಗಿದೆ." ಅತ್ತಿತ್ತ ನೋಡಿ ಅವಳು ಹೇಳಿದ್ದಳು: "ಬಾಯಿ ಮುಚ್ಕೊಂಡು ಎತ್ತು. ನಿನ್ನ ಮಾತು ಕೇಳಿದ್ರೆ ಉಳಿದವರೂ ಸಲಿಕೆ ಬಿಸಾಕಿ ಮನೆಗೆ ಹೋಗ್ತಾರೆ." ಅವನು ಬಾಯಿ ಮುಚ್ಚಿಕೊಂಡು ಎತ್ತಿದ. ಸಂಜೆ ಅದೇ ಹೂಳನ್ನು ತಳ್ಳುಗಾಡಿಯಲ್ಲಿ ತುಂಬಿಕೊಂಡು ತನ್ನ ಮೆಣಸಿನ ಪಾತಿಗೆ ಹಾಕಿದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅವನ ಪಾಲಿಗೆ ಕೆಸರೇ ಬಾಯಿಗೂ ಬಂತು. ನಾಲ್ಕು ವರ್ಷದಲ್ಲಿ ಎರಡೂ ಮೂತ್ರಪಿಂಡ ಹೋದವು, ಅವುಗಳ ಹಿಂದೆಯೇ ಅವನೂ ಹೋದ. ಹೂಳಿನಿಂದಲೇ ಹೀಗಾಯಿತು ಎಂದು ಯಾವ ವೈದ್ಯರೂ ಬರೆದುಕೊಡಲಿಲ್ಲ. ಅದರಿಂದಲ್ಲ ಎಂದೂ ಹೇಳಲಿಲ್ಲ.

ಅವನ ಹೆಂಡತಿ ತಿಲ್ದೆಗೆ ಈ ಮಾತು ಗೊತ್ತಿರಲಿಲ್ಲ. ಗುರುವಾರ ಯುಫೆಲಿಯಾ ಅವಳ ಮನೆಯವರೆಗೆ ಹೋದಳು. ತಿಲ್ದೆ ಒಳಗೆ ಬೀನ್ಸ್ ಆರಿಸುತ್ತ, ಯಾವುದೋ ಹಳೆಯ ಹಾಡನ್ನು ಮೂಗಿನಲ್ಲೇ ಹಾಡುತ್ತಿದ್ದಳು. ಯುಫೆಲಿಯಾ ಬಾಗಿಲ ಮುಂದೆ ನಿಂತು, ನಿಂತಲ್ಲಿಂದಲೇ ಹಿಂದಿರುಗಿದಳು. ಸೇನೆಗೆ ಹೆದರದವಳು ಒಂದು ಮರದ ಬಾಗಿಲಿಗೆ ಹೆದರಿದಳು. ನಾಚಿಕೆಯಿಂದ ದಾರಿಯುದ್ದಕ್ಕೂ ಮುಖ ಸುಡುತ್ತಿತ್ತು.

ಶನಿವಾರ ಬೆಳಿಗ್ಗೆ ಊರೆಲ್ಲ ಸಲಿಕೆ ಹಿಡಿದು ಏರಿಯ ಮೇಲೆ ಬಂದು ನಿಂತಿತು. ಫಲಕ ಇದೆಯಲ್ಲ, ಇಳಿಯುವಂತಿಲ್ಲ. ಆದರೆ ಹೂಳೆತ್ತುವ ಶನಿವಾರ ಮನೆಯಲ್ಲಿ ಕೂರುವುದಕ್ಕೆ ಯಾರ ಕಾಲೂ ಒಪ್ಪಲಿಲ್ಲ. ಯುಫೆಲಿಯಾ ಎಂದಿನಂತೆ ಕೋಲಿನಿಂದ ಅಳೆದು ಒಬ್ಬೊಬ್ಬರನ್ನೂ ಅವರವರ ತುಂಡಿನ ಮುಂದೆ ನಿಲ್ಲಿಸಿದಳು. ಗಂಡನ ತುಂಡಿನ ಮುಂದೆ, ಗಂಡನ ಸಲಿಕೆ ಹಿಡಿದು, ತಿಲ್ದೆ ನಿಂತಳು.

ಒಂಬತ್ತು ಗಂಟೆಗೆ ಸ್ಟ್ರೌಡ್‌ನ ವ್ಯಾನು ಬಂತು. ಅವನ ಜೊತೆ ರಾಜ್ಯದ ಅಧಿಕಾರಿ, ನೋರೀನ್ ಬೆಗೇ ಎಂಬ ನಲವತ್ತರ ಹೆಂಗಸು, ಬಿಸಿಲಿಗೆ ಟೋಪಿ, ಕೈಯಲ್ಲಿ ನೋಟುಪುಸ್ತಕ. ಅವಳು ಮೊದಲು ಹೋದದ್ದು ಊರಿಗೇ ಹಿರಿಯನಾದ ಆಬ್ರಾನ್ ಮುದುಕನ ಬಳಿ.

"ನೀವು ಈ ಕಾಲುವೆ ಬಳಸ್ತೀರಾ ತಾತ?"

ಆಬ್ರಾನ್ ನೋಟುಪುಸ್ತಕ ನೋಡಿದ. ಎಂಬತ್ತೆಂಟು ವರ್ಷದ ಅಭ್ಯಾಸ ಅವನ ನಾಲಿಗೆಯನ್ನು ತಾನೇ ಎತ್ತಿಕೊಂಡಿತು. "ಕಾಲುವೆನಾ? ಯಾವ ಕಾಲುವೆ ತಾಯಿ?"

"ಈಗ ಅದರ ಪಕ್ಕದಲ್ಲೇ ನಿಂತಿದೀರಲ್ಲ."

"ಓ, ಇದಾ! ಇದು ಸುಮ್ನೆ ಇರೋದು."

"ಕೈಯಲ್ಲಿ ಸಲಿಕೆ?"

"ಊರಿಕೊಳ್ಳೋಕೆ. ಮಂಡಿ ನೋವು."

ಮುಂದಿನವನು ತನಗೆ ತೋಟವೇ ಇಲ್ಲ ಎಂದ. ಅದರ ಮುಂದಿನವಳು ತಾನು ಮೆಣಸಿನಕಾಯಿಯನ್ನು ಅಂಗಡಿಯಿಂದ ತರುತ್ತೇನೆ ಎಂದು ತನ್ನ ತೀರಿಹೋದ ತಾಯಿಯ ಮೇಲೆ ಆಣೆ ಇಟ್ಟಳು. ಬೆಗೇ ಬರೆದುಕೊಳ್ಳುತ್ತಲೇ ಹೋದಳು. ಸ್ಟ್ರೌಡ್ ಕೈ ಕಟ್ಟಿಕೊಂಡು, ಅವಸರವಿಲ್ಲದೆ, ಹಿಂದೆ ಹಿಂದೆ ನಡೆದ. ತಾವು ತೋಡಿದ ಗುಂಡಿಗೆ ತಾವೇ ಸಾಲಾಗಿ, ನಗುನಗುತ್ತ ಬೀಳುತ್ತಿರುವ ಜನರನ್ನು ನೋಡಿ ಯುಫೆಲಿಯಾಗೆ ಕಿರುಚಬೇಕೆನಿಸಿತು. ಇವರಿಗೆ ಇದನ್ನು ಕಲಿಸಿದವರು ಯಾರು? ಇಪ್ಪತ್ತಾರು ವರ್ಷ ಮುಂದೆ ನಿಂತು ಸುಳ್ಳು ಹೇಳಿ ತೋರಿಸಿದವರು ಯಾರು?

"ನಿಲ್ಲಿಸಿ" ಎಂದಳು.

ಎಲ್ಲರೂ ತಿರುಗಿದರು.

"ಇದುವರೆಗೆ ಬರ್ಕೊಂಡಿದ್ದನ್ನ ಹರಿದು ಬಿಸಾಕಮ್ಮ. ಎಲ್ಲ ಸುಳ್ಳು. ವರದೀಲಿರೋದೂ ಸುಳ್ಳು. ಅದನ್ನ ಹೇಳಿದೋಳು ನಾನೇ, ಯುಫೆಲಿಯಾ ಅರ್ಚಿಬೆಕ್. ನೀರಿಗೆ ಮೀಟರು ಹಾಕ್ತಾರೆ ಅಂತ ಹೆದರಿ ಹೇಳಿದೆ. ಈ ಊರಲ್ಲಿ ಈ ಹೂಳು ಮುಟ್ಟದೇ ಇರೋನು ಒಬ್ಬ ಇಲ್ಲ. ವರ್ಷಾ ವರ್ಷಾ ನಾನೇ ಕೋಲು ಹಿಡಿದು ನಿಂತು ಎತ್ತಿಸ್ದೆ. ಬರಿಗೈಲಿ ಎತ್ತಿಸ್ದೆ."

"ಅಕ್ಕಾ, ಸುಮ್ನಿರು" ಎಂದ ಆಬ್ರಾನ್ ಮೆಲ್ಲಗೆ. ವಯಸ್ಸಿನಲ್ಲಿ ಹಿರಿಯನಾದರೂ ಊರಿನ ಎಲ್ಲರಂತೆ ಅವನಿಗೂ ಅವಳು ಅಕ್ಕನೇ.

"ಸುಮ್ನಿದ್ದಿದ್ದು ಸಾಕು. ಇನ್ನೊಂದಿದೆ, ಅದನ್ನೂ ಬರ್ಕೋ." ಅವಳ ದನಿ ಗಟ್ಟಿಯಾಗಿಯೇ ಇತ್ತು. "ನನ್ನ ತಮ್ಮ ಬೆಲಾರ್ಮಿನೋ ಆರು ವರ್ಷದ ಹಿಂದೆ ಇಲ್ಲೇ ನಿಂತು, ಹೂಳು ಹಳದಿ ಇದೆ, ಬಾಯಿ ಕಬ್ಬಿಣ ಆಗಿದೆ ಅಂದ. ನಾನು ಬಾಯಿ ಮುಚ್ಕೊಂಡು ಎತ್ತು ಅಂದೆ. ಎತ್ತಿದ. ಸತ್ತ."

ತಿಲ್ದೆ ಸಲಿಕೆಯನ್ನು ನೆಲಕ್ಕೆ ಬಿಟ್ಟು ಯುಫೆಲಿಯಾಳ ಎದುರಿಗೆ ಬಂದು ನಿಂತಳು. ಕುಳ್ಳಗಿನ ಹೆಂಗಸು, ಅತ್ತಿಗೆಯ ಮುಖ ನೋಡಲು ತಲೆ ಎತ್ತಬೇಕಿತ್ತು.

"ಹೇಳಿದ್ನಾ ಅವನು? ನಿನಗೆ ಹೇಳಿದ್ನಾ?"

"ಹೇಳಿದ."

"ನನ್ ಹತ್ರ ಒಂದು ಮಾತು ಹೇಳ್ಲಿಲ್ಲ."

"ನನ್ನ ಮರ್ಯಾದೆ ಕಾದ."

"ನಿನ್ನ ಮರ್ಯಾದೆ!" ತಿಲ್ದೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ಎರಡು ವರ್ಷದಿಂದ ಭಾನುವಾರ ಭಾನುವಾರ ನನ್ನ ಮನೇಲಿ ಕೂತು ಊಟ ಮಾಡಿದೀಯಲ್ಲ ಅತ್ತಿಗೆ. ನಾನು ಅತ್ತಾಗ ನನ್ನ ಬೆನ್ನು ಸವರಿದೀಯಲ್ಲ. ಹೇಗೆ ಇಳೀತು ಗಂಟಲಲ್ಲಿ? ಈ ಹೂಳಿಗಿಂತ ನೀನೇ ವಿಷ."

ಯುಫೆಲಿಯಾ ಕಣ್ಣು ತಗ್ಗಿಸಲಿಲ್ಲ. ತಗ್ಗಿಸಿದರೆ ಅದೂ ಒಂದು ತಪ್ಪಿಸಿಕೊಳ್ಳುವ ದಾರಿ ಎನಿಸಿತು. "ಹೌದು" ಎಂದಳು.

ಸ್ಟ್ರೌಡ್ ಗಂಟಲು ಸರಿಮಾಡಿಕೊಂಡ. "ಇದು ಕುಟುಂಬದ ವಿಷಯ ಅನ್ಸುತ್ತೆ. ದುಃಖದಲ್ಲಿ ಜನ ಏನೇನೋ ಹೇಳ್ತಾರೆ. ಒಬ್ಬರ ಮಾತಿನ ಮೇಲೆ ವರದಿ ಬದಲಾಯಿಸೋಕೆ..."

ಅವನು ಬಾಯಿ ತೆರೆಯದಿದ್ದರೆ ಒಳ್ಳೆಯದಿತ್ತು. ತಿಲ್ದೆ ಗರಕ್ಕನೆ ಅವನ ಕಡೆ ತಿರುಗಿದಳು.

"ಕುಟುಂಬದ ವಿಷಯ ನಾವು ನೋಡ್ಕೊಳ್ತೀವಿ, ನೀನು ಸುಮ್ನೆ ನಿಂತ್ಕೋ. ಬರಿಯಮ್ಮ. ಬೆಲಾರ್ಮಿನೋ ಅರ್ಚಿಬೆಕ್. ಇಪ್ಪತ್ತೆರಡು ವರ್ಷ ಈ ಮೊದಲ್ನೇ ತುಂಡು ಎತ್ತಿದೋನು. ವರ್ಷಕ್ಕೆ ಹದಿನೈದು ತಳ್ಳುಗಾಡಿ ನನ್ನ ಹಿತ್ತಲಿಗೆ ಹಾಕಿದೋನು. ಆ ಮೆಣಸಿನಕಾಯಿ ನಾನೇ ಹುರಿದೆ, ನಾನೇ ಬಡಿಸಿದೆ. ಒಬ್ಬರ ಮಾತು ಸಾಲದು ಅಂತೆ. ಇದು ಎರಡನೇದು."

ಮೂರನೆಯದು ಆಬ್ರಾನ್‌ನದು. ಅವನು ಊರಿಕೊಂಡಿದ್ದ ಸಲಿಕೆಯನ್ನು ಎತ್ತಿ ತೋರಿಸಿದ. "ಮಂಡಿ ನೋವಲ್ಲ ತಾಯಿ. ಎಪ್ಪತ್ತು ವರ್ಷ ಎತ್ತಿದೀನಿ. ನನ್ನ ಮನೆ ನೆಲಕ್ಕೆ ಮೆತ್ತಿರೋದೂ ಇದೇ ಹೂಳು. ನೆಲದ ಮೇಲೆ ಹಾಸಿಗೆ, ಹಾಸಿಗೆ ಮೇಲೆ ನಾನು."

"ಚರ್ಚಿನ ಗೋಡೆ ಬಿಟ್ಟೆಯಲ್ಲೋ ಮಾವ! ವರ್ಷಾನೂ ಸಾರಿಸೋದು ಇದರಲ್ಲೇ" ಎಂದು ಅಂಗಡಿಯಿಂದ ಮೆಣಸಿನಕಾಯಿ ತರುವವಳು ಕೂಗಿದಳು. "ಅಮ್ಮನ ಮೇಲೆ ಇಟ್ಟ ಆಣೆ ವಾಪಸ್ ತಗೊಂಡೆ. ನನ್ನ ಹಿತ್ತಲು ಬರ್ಕೋ, ನಾಲ್ಕು ಪಾತಿ!"

ಆಮೇಲೆ ತಡೆಯುವವರೇ ಇರಲಿಲ್ಲ. ಮುನ್ನೂರು ವರ್ಷ ಬಚ್ಚಿಟ್ಟ ಸತ್ಯ ಒಂದೇ ಬೆಳಿಗ್ಗೆ ತೂಬು ಒಡೆದು ನುಗ್ಗಿತು. ಯಾರ ಸೇಬಿನ ಬುಡ, ಯಾರ ಕುರಿಕೊಟ್ಟಿಗೆ, ಯಾರ ಮಕ್ಕಳು ಬೇಸಿಗೆಯೆಲ್ಲ ಈಜಿದ ಮಡು. ನಾನು ಮೊದಲು ತಾನು ಮೊದಲು ಎಂದು ಜಗಳ ಬೇರೆ. ಬೆಗೇ ಪುಟ ತಿರುಗಿಸಿ ತಿರುಗಿಸಿ ಬರೆದಳು. ಬರೆದು ಮುಗಿಸಿ, ಟೋಪಿ ತೆಗೆದು ಹಣೆ ಒರೆಸಿಕೊಂಡು ಸ್ಟ್ರೌಡ್‌ಗೆ ಹೇಳಿದಳು: "ಈ ಫೈಲು ಮುಚ್ಚೋದಿಲ್ಲ. ಹಿತ್ತಲು, ಗೋಡೆ, ನೆಲ, ಎಲ್ಲದರ ಮಣ್ಣೂ ಸೋಮವಾರದಿಂದಲೇ ಪರೀಕ್ಷೆ ಆಗಬೇಕು. ಕಾಲುವೆಗೆ ಜಲ್ಲಿ ತುಂಬೋ ಮಾತು ಇವತ್ತಿಂದ ಇಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಮ್ಮ ಹಿತ್ತಲಿನ ವಿಷವನ್ನು ತಾವೇ ಬರೆಸಿ ಗೆದ್ದವರು ಚಪ್ಪಾಳೆ ತಟ್ಟುವುದು ಹೇಗೆ? ಯುಫೆಲಿಯಾ ಸೊಂಟದ ಬೀಗದ ಕೈ ಬಿಚ್ಚಿ, ಕೋಲಿನ ಜೊತೆ ಏರಿಯ ಮೇಲೆ ಇಟ್ಟಳು. "ಸುಳ್ಳು ಹೇಳಿದ ನೀರುಗಂಟಿ ಈ ಕೋಲು ಹಿಡಿಯೋ ಹಾಗಿಲ್ಲ. ಯಾರು ತಗೊಳ್ತೀರೋ ತಗೊಳ್ಳಿ. ನನಗೊಂದು ಸಲಿಕೆ ಕೊಡಿ, ಹೇಳಿದ ಕಡೆ ನಿಲ್ತೀನಿ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಲ್ದೆ ಬಗ್ಗಿ ಕೋಲು ಎತ್ತಿಕೊಂಡಳು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅತ್ತಿಗೆಯ ಕಡೆ ನೋಡಲಿಲ್ಲ. ನೋಡದೆಯೇ ಹೇಳಿದಳು: "ಭಾನುವಾರ ಊಟಕ್ಕೆ ಬರಬೇಡ. ಸೋಮವಾರ ಏಳು ಗಂಟೆಗೆ ಇಲ್ಲಿರು."

"ಇರ್ತೀನಿ" ಎಂದಳು ಯುಫೆಲಿಯಾ. ಎದೆಯಲ್ಲಿ ಏನೋ ಮುರಿದ ಹಾಗೂ ಆಯಿತು, ಎರಡು ವರ್ಷದ ಭಾರ ಇಳಿದ ಹಾಗೂ ಆಯಿತು.

ಸ್ಟ್ರೌಡ್ ಲೆಕ್ಕಾಚಾರದ ಮನುಷ್ಯ. ಸೋತ ಮೇಲೆ ಹೊತ್ತು ಕಳೆಯಲಿಲ್ಲ. "ಆಯ್ತು. ನೀವು ಕೇಳಿದ ಎರಡು ಸಲಿಕೆ ಅಲ್ಲ, ಆರು ಜನರನ್ನ ಕಳಿಸ್ತೀನಿ, ವಿಷ ತಾಗದ ಹಾಗೆ ಬಿಳಿ ಸೂಟು ಹಾಕ್ಕೊಂಡು ಬರ್ತಾರೆ. ಬೇಲಿ ಪಕ್ಕದ ಈ ತುಂಡಿಂದ ಶುರು ಮಾಡ್ಲಿ. ಆಮೇಲಾದ್ರೂ ತೂಬು ಬಿಡ್ತೀರಾ?"

"ಮೊದಲು ಎತ್ತಿ ತೋರ್ಸು" ಎಂದಳು ತಿಲ್ದೆ.

"ಅರ್ಧ ಅಡಿ ಕೆರೆದು ತೆಗೆಸ್ತೀನಿ. ಎಲ್ಲ ಕಡೆ ಅಷ್ಟೇ ತೆಗೆಯೋದು."

ತಿಲ್ದೆ ಏರಿಯ ಅಂಚಿಗೆ ಹೋಗಿ ಗಂಡನ ತುಂಡಿನೊಳಗೆ ಕೋಲನ್ನು ಇಳಿಬಿಟ್ಟಳು. ಹೂಳು ಮೆತ್ತಗಿತ್ತು, ಕೋಲು ಇಳಿಯುತ್ತಲೇ ಹೋಯಿತು.

"ಸಾಲದು."

"ಹಾಗಾದ್ರೆ ಎಷ್ಟು?"

"ಆರಡಿ."

"ಆರಡಿನಾ? ಯಾವ ನಿಯಮದಲ್ಲಿದೆ ಮೇಡಂ ಆರಡಿ?"

"ನನ್ನ ಗಂಡನಿಗೆ ತೋಡಿದ್ದು ಅಷ್ಟು" ಎಂದಳು ತಿಲ್ದೆ. "ಅದಕ್ಕಿಂತ ಒಂದು ಬೆರಳು ಕಮ್ಮಿ ಆದ್ರೂ ನಾನು ಬೀಗ ತೆಗೆಯಲ್ಲ."